ಕಪ್ಪು ಉಗುರಿನ ನಾಯಿ: ಮನೆಯಲ್ಲೇ ಉಗುರು ಕತ್ತರಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕರಿಯನ ಮನೆಯವರು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಕರಿಯ ನಾಟಿ ನಾಯಿ, ಆಲ್ದೂರು ಕಡೆಯ ತೋಟದಲ್ಲಿ ಹುಟ್ಟಿ ಬೆಳೆದವನು. ಅತ್ತೆಗೆ ಮಂಡಿನೋವು ಜಾಸ್ತಿ ಆದ ಮೇಲೆ ನಾವೆಲ್ಲ ಟೌನಿಗೆ ಬಂದೆವು, ಅವನೂ ಜೊತೆಗೆ ಬಂದ. ಇಲ್ಲಿ ಮನೆ ತುಂಬ ಟೈಲ್ಸ್. ಓಡಾಟ ಅಂದರೆ ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಉಗುರು ಉದ್ದ ಬೆಳೆದು ನಡೆದಾಗೆಲ್ಲ ಟಕಟಕ ಅನ್ನುತ್ತದೆ. ಮೆಟ್ಟಿಲು ಇಳಿಯುವಾಗ ಜಾರುತ್ತಾನೆ.

ಕಷ್ಟ ಏನೆಂದರೆ ಅವನ 18 ಉಗುರೂ ಕಪ್ಪು. ಒಳಗಿನ ರಕ್ತನಾಳ ಎಲ್ಲಿಯವರೆಗೆ ಇದೆ ಅಂತ ಕಾಣುವುದೇ ಇಲ್ಲ. ಬಿಳಿ ಉಗುರಿನ ವಿಡಿಯೋಗಳು ಬೇಕಾದಷ್ಟಿವೆ, ನಮಗೆ ಅವು ಉಪಯೋಗಕ್ಕೆ ಬರುವುದಿಲ್ಲ. ಜೊತೆಗೆ ಮುಂಗಾಲು ಮುಟ್ಟಿದರೆ ಎಳೆದುಕೊಳ್ಳುತ್ತಾನೆ, ಗುರ್ ಅನ್ನುತ್ತಾನೆ. ಇದುವರೆಗೆ ಕಚ್ಚಿಲ್ಲ. ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿದ್ದೆವು. ಇಬ್ಬರು ಅದುಮಿ ಹಿಡಿದು ಮಲಗಿಸಿ ಕತ್ತರಿಸಿದರು. ಅವತ್ತಿನಿಂದ ಆ ರಸ್ತೆ ಕಡೆ ತಿರುಗಿದರೆ ಸಾಕು, ಅಲ್ಲೇ ಕೂತುಬಿಡುತ್ತಾನೆ. ಅದಕ್ಕೇ ಮನೆಯಲ್ಲೇ, ಅವನಿಗೆ ಹೆದರಿಕೆ ಆಗದ ಹಾಗೆ ಮಾಡಬೇಕು ಅಂತ ಆಸೆ. ಯಾವ ಕಟರ್ ತೆಗೆದುಕೊಳ್ಳಲಿ? ಎಷ್ಟು ಕತ್ತರಿಸಲಿ? ರಕ್ತ ಬಂದರೆ ಏನು ಮಾಡಲಿ?

ಕಡೂರು ಹುಡುಗ

ಕಟರ್ ತರುವ ಮುಂಚೆ ಒಂದು ಬಟ್ಟಲು ಮೈದಾ ಹಿಟ್ಟು ಪಕ್ಕದಲ್ಲಿ ಇಟ್ಟುಕೊಳ್ಳಿ. ಮಿಕ್ಕಿದ್ದು ಆಮೇಲೆ.

ತೋಟದ ಮನೆ, ಮೂಡಿಗೆರೆ

ನಮ್ಮಲ್ಲಿ ಅಪ್ಪನ ಕಾಲದಿಂದಲೂ ನಾಯಿ ಇವೆ. ಯಾರೂ ಉಗುರು ಕತ್ತರಿಸಿದವರಲ್ಲ. ಓಡಾಡಲು ಬಿಡಿ, ತಾನೇ ಸವೆಯುತ್ತದೆ. ಉಗುರು ಇರುವುದೇ ಮಣ್ಣು ಕೆರೆಯಲು, ಏರು ಹತ್ತುವಾಗ ಹಿಡಿತ ಸಿಗಲು. ಅದನ್ನು ಕತ್ತರಿಸಿ ಆಮೇಲೆ ನಾಯಿ ಜಾರುತ್ತದೆ ಅಂದರೆ ಏನು ಮಾಡುವುದು?

ಬಿ.ಎಂ. ರಸ್ತೆ, ಹಾಸನ

ಅಣ್ಣ, ಉಗುರು ಕತ್ತರಿಸದೇ ಇರುವುದಕ್ಕೇ ಅವರ ನಾಯಿ ಜಾರುತ್ತಿರುವುದು. ಮಣ್ಣಿನಲ್ಲಿ ಉಗುರು ಊರುತ್ತದೆ. ಟೈಲ್ಸ್ ಮೇಲೆ ಉಗುರು ಊರಲು ಜಾಗ ಎಲ್ಲಿದೆ? ಅಲ್ಲಿ ಹಿಡಿತ ಸಿಗಬೇಕಾದ್ದು ಪಾದದ ಮೆತ್ತೆಯಿಂದ. ಉಗುರು ಉದ್ದ ಆದರೆ ಮೆತ್ತೆ ಸರಿಯಾಗಿ ನೆಲಕ್ಕೆ ಕೂರುವುದೇ ಇಲ್ಲ.

ತೋಟದ ಮನೆ, ಮೂಡಿಗೆರೆ

ಟೌನಿನ ನಾಯಿಗೆ ಇರಬಹುದು. ನಾನು ಹೇಳಿದ್ದು ನಮ್ಮ ಕಡೆಯ ನಾಯಿಗಳ ಮಾತು.

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಇಬ್ಬರ ಮಾತಿನಲ್ಲೂ ಹುರುಳಿದೆ. ಉಗುರು ಸವೆಯುವುದು ಗಟ್ಟಿ ನೆಲದ ಮೇಲೆ: ಡಾಂಬರು, ಸಿಮೆಂಟ್, ಕಲ್ಲು. ತರಗೆಲೆ ತುಂಬಿದ ಮೆತ್ತನೆ ಮಣ್ಣಿನಲ್ಲಿ ಅಷ್ಟಾಗಿ ಸವೆಯುವುದಿಲ್ಲ. ತೋಟದ ನಾಯಿಗೆ ಉಗುರು ಚಿಕ್ಕದಾಗಿಯೇ ಇದ್ದರೆ ಅದು ಎಲ್ಲೋ ಗಟ್ಟಿ ಜಾಗದಲ್ಲಿ ಓಡುತ್ತಿದೆ, ಇಲ್ಲವೇ ಚೆನ್ನಾಗಿ ನೆಲ ಕೆರೆಯುತ್ತಿದೆ ಅಂತ ಅರ್ಥ.

ಕರಿಯನ ಮನೆಯವರೇ, ಉದ್ದ ಉಗುರು ನೋಡಲು ಚೆಂದ ಇಲ್ಲ ಅನ್ನುವಷ್ಟಕ್ಕೇ ಮುಗಿಯುವುದಿಲ್ಲ. ಪ್ರತಿ ಹೆಜ್ಜೆಗೂ ನೆಲ ಉಗುರನ್ನು ಹಿಂದಕ್ಕೆ ತಳ್ಳುತ್ತದೆ. ಬೆರಳಿನ ಕೀಲಿಗೆ ಒತ್ತಡ ಬೀಳುತ್ತದೆ. ನೋವು ತಪ್ಪಿಸಿಕೊಳ್ಳಲು ನಾಯಿ ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುತ್ತದೆ. ವಯಸ್ಸಾದ, ಕೀಲುನೋವು ಇರುವ ನಾಯಿಗೆ ಇದರಿಂದ ಇನ್ನೂ ಕಷ್ಟ. ಗುರುತು ಸುಲಭ. ಸಮ ನೆಲದ ಮೇಲೆ ನೇರವಾಗಿ ನಿಂತಾಗ ಉಗುರು ನೆಲಕ್ಕೆ ತಾಗಬಾರದು. ಉಗುರಿನ ಕೆಳಗೆ ಒಂದು ಕಾಗದ ನುಸುಳಿದರೆ ಸರಿ ಇದೆ.

ತೋಟದ ಮನೆ, ಮೂಡಿಗೆರೆ

ಈಗ ಗೊತ್ತಾಯಿತು. ನಮ್ಮ ಕಾಫಿ ಕಣ ಸಿಮೆಂಟಿನದು. ಡಿಸೆಂಬರಿನಿಂದ ಫೆಬ್ರವರಿವರೆಗೆ ನಾಯಿಗಳು ಕಣದಲ್ಲೇ ಬೀಡುಬಿಟ್ಟಿರುತ್ತವೆ, ದಿನವಿಡೀ ಮಂಗ ಓಡಿಸುವುದೇ ಕೆಲಸ. ಮಳೆಗಾಲದಲ್ಲಿ ಕೊಟ್ಟಿಗೆ ಬಿಟ್ಟು ಏಳುವುದಿಲ್ಲ. ಆಗ ಉಗುರು ಹೇಗಿರುತ್ತದೆ ಅಂತ ನಾನು ನೋಡಿಲ್ಲ, ನೋಡುತ್ತೇನೆ.

ಪಗ್ ಪುಟ್ಟಿ, ಹಾಸನ

ಎಲ್ಲರೂ ನೆಲಕ್ಕೆ ತಾಗುವ ಉಗುರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಮೇಲೆ, ಪಾದದ ಒಳಬದಿಯಲ್ಲಿ ಇರುತ್ತದಲ್ಲ ಹೆಬ್ಬೆರಳಿನ ಉಗುರು, ಡ್ಯೂ ಕ್ಲಾ, ಅದು ಎಷ್ಟು ಓಡಿದರೂ ಸವೆಯುವುದಿಲ್ಲ. ನೆಲಕ್ಕೆ ತಾಗಿದರೆ ತಾನೇ ಸವೆಯುವುದು! ನಮ್ಮ ಅಕ್ಕನ ಮನೆಯ ಮುದಿ ನಾಯಿಗೆ ಅದು ಸುತ್ತಿಕೊಂಡು ಬೆಳೆದು ಚರ್ಮದೊಳಗೇ ಚುಚ್ಚಿಕೊಂಡಿತ್ತು. ಕೂದಲ ಮರೆಯಲ್ಲಿ ಯಾರಿಗೂ ಕಂಡಿರಲಿಲ್ಲ. ಕುಂಟಲು ಶುರು ಮಾಡಿದ ಮೇಲೆ ನೋಡಿದರೆ ಕೀವು. ತೋಟದ ನಾಯಿ ಇರುವವರೂ ದಯವಿಟ್ಟು ಇದೊಂದನ್ನು ಇವತ್ತೇ ನೋಡಿ.

ತೋಟದ ಮನೆ, ಮೂಡಿಗೆರೆ

ಈಗಷ್ಟೇ ಹೋಗಿ ನೋಡಿ ಬಂದೆ. ನಮ್ಮ ರಾಣಿಯ ಎಡಗಾಲಿನ ಮೇಲುಗುರು ಅರ್ಧ ಸುತ್ತು ಬಂದಿದೆ. ಚರ್ಮಕ್ಕೆ ಇನ್ನೂ ತಾಗಿಲ್ಲ. ಪಗ್ ಪುಟ್ಟಿ ಅವರೇ, ತುಂಬ ಉಪಕಾರ ಆಯಿತು. ಈಗ ನನಗೂ ಕಟರ್ ಬೇಕು. ಯಾವುದು ಒಳ್ಳೆಯದು?

ಅರಸೀಕೆರೆ ಮುಧೋಳ

ಕಟರ್‌ನಲ್ಲಿ ಎರಡು ಥರ ಸಿಗುತ್ತದೆ. ಒಂದರಲ್ಲಿ ಸಣ್ಣ ತೂತು ಇರುತ್ತದೆ, ಅದರೊಳಗೆ ಉಗುರು ತೂರಿಸಿ ಒತ್ತಿದರೆ ಬ್ಲೇಡು ಬಂದು ಕತ್ತರಿಸುತ್ತದೆ. ಇನ್ನೊಂದು ಪಕ್ಕಡ್ ಥರ, ಎರಡು ಕಡೆಯಿಂದ ಬ್ಲೇಡು. ದಪ್ಪ ಉಗುರಿನ ದೊಡ್ಡ ನಾಯಿಗೆ ಎರಡನೆಯದೇ ಸರಿ. ಸುತ್ತಿಕೊಂಡ ಮೇಲುಗುರಿಗೂ ಅದೇ ಬೇಕು. ಉಗುರಿನ ತುದಿ ತೂತಿನೊಳಗೆ ತೂರುವುದೇ ಇಲ್ಲ.

ಬ್ಲೇಡು ಹರಿತ ಇರಲಿ. ಮೊಂಡು ಬ್ಲೇಡು ಕತ್ತರಿಸುವುದಿಲ್ಲ, ಜಜ್ಜುತ್ತದೆ. ರಕ್ತ ಬರದಿದ್ದರೂ ನಾಯಿಗೆ ನೋವಾಗುತ್ತದೆ. ನಾವು ಉಗುರು ತೆಗೆದುಕೊಳ್ಳುವ ನೇಲ್ ಕಟರ್ ಬೇಡವೇ ಬೇಡ, ನಾಯಿಯ ಉಗುರು ಉರುಟು, ಆ ಕಟರ್ ಅದನ್ನು ಚಪ್ಪಟೆ ಮಾಡಿ ಸೀಳಿಬಿಡುತ್ತದೆ. ತೀರಾ ಸಣ್ಣ ಮರಿಗಾದರೆ ನಡೆಯುತ್ತದೆ.

ಬಿ.ಎಂ. ರಸ್ತೆ, ಹಾಸನ

ಕಟರ್ ಯಾಕೆ? ಗ್ರೈಂಡರ್ ತೆಗೆದುಕೊಳ್ಳಿ. ಬ್ಯಾಟರಿಯದು ಬರುತ್ತದೆ, ಉಗುರನ್ನು ಉಜ್ಜಿ ಉಜ್ಜಿ ಸವೆಸುತ್ತದೆ. ಒಂದೇ ಏಟಿಗೆ ಜಾಸ್ತಿ ಕತ್ತರಿಸಿಬಿಡುವ ಭಯ ಇಲ್ಲ. ಕಪ್ಪು ಉಗುರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಅರಸೀಕೆರೆ ಮುಧೋಳ

ಶಬ್ದ? ನಮ್ಮ ನಾಯಿ ಮಿಕ್ಸಿ ಹಾಕಿದರೇ ಹಿತ್ತಲಿಗೆ ಓಡುತ್ತದೆ. ಪಾದ ಮುಟ್ಟಿದರೇ ಗುರ್ ಅನ್ನುವ ಕರಿಯನಿಗೆ ಗ್ರೈಂಡರ್ ಹಿಡಿದು ಹೋದರೆ ಮುಗಿಯಿತು.

ಬಿ.ಎಂ. ರಸ್ತೆ, ಹಾಸನ

ಮೊದಲ ದಿನವೇ ಉಗುರಿಗೆ ಹಿಡಿಯಿರಿ ಅಂತ ಯಾರು ಹೇಳಿದರು? ಊಟ ಹಾಕುವಾಗ ದೂರದಲ್ಲಿ ಆನ್ ಮಾಡಿ ಇಡಿ. ದಿನದಿನಕ್ಕೆ ಸ್ವಲ್ಪ ಹತ್ತಿರ ತನ್ನಿ. ಶಬ್ದ ಬಂದರೆ ಊಟ ಬರುತ್ತದೆ ಅಂತ ಅದಕ್ಕೇ ಗೊತ್ತಾಗುತ್ತದೆ. ಎಚ್ಚರ ಎರಡು ವಿಷಯಕ್ಕೆ ಬೇಕು. ಒಂದೇ ಕಡೆ ಒತ್ತಿ ಹಿಡಿದರೆ ಉಗುರು ಬಿಸಿಯಾಗುತ್ತದೆ, ಅದಕ್ಕೆ ಒಂದೆರಡು ಸೆಕೆಂಡ್ ಮುಟ್ಟಿಸಿ ತೆಗೆಯಬೇಕು. ಉದ್ದ ಕೂದಲಿನ ನಾಯಿಯಾದರೆ ಕೂದಲು ಸುತ್ತಿಕೊಳ್ಳುತ್ತದೆ. ಪಾದಕ್ಕೆ ಹಳೆಯ ಕಾಲುಚೀಲ ಹಾಕಿ, ಉಗುರಷ್ಟೇ ಆಚೆ ಬರುವಂತೆ ತೂತು ಮಾಡಿ.

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಕಟರ್, ಗ್ರೈಂಡರ್ ಎರಡರಲ್ಲೂ ಆಗುತ್ತದೆ. ಕಪ್ಪು ಉಗುರಿನ ಪ್ರಶ್ನೆಗೆ ಬರುತ್ತೇನೆ, ಅದೇ ಮುಖ್ಯ.

ಉಗುರಿನ ಹೊರಗಿನದು ಸತ್ತ ಭಾಗ, ಕತ್ತರಿಸಿದರೆ ನಾಯಿಗೆ ಏನೂ ಗೊತ್ತಾಗುವುದಿಲ್ಲ. ಒಳಗೆ ಬುಡದಿಂದ ಅರ್ಧಕ್ಕಿಂತ ಮುಂದಕ್ಕೆ ಒಂದು ಹಸಿ ಭಾಗ ಇರುತ್ತದೆ. ಕ್ವಿಕ್ ಅನ್ನುತ್ತಾರೆ. ಅದರಲ್ಲಿ ರಕ್ತನಾಳವೂ ಇದೆ, ನರವೂ ಇದೆ. ಅದಕ್ಕೇ ತಾಗಿದರೆ ರಕ್ತ ಬರುತ್ತದೆ, ನೋವೂ ಆಗುತ್ತದೆ. ಬಿಳಿ ಉಗುರಿನಲ್ಲಿ ಇದು ಗುಲಾಬಿ ಬಣ್ಣದಲ್ಲಿ ಹೊರಗಿನಿಂದಲೇ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಎರಡು ಗುರುತು ಹಿಡಿದು ಹೋಗಬೇಕು.

ಮೊದಲನೆಯದು ಉಗುರಿನ ತಳಭಾಗ. ಪಾದವನ್ನು ಮೆಲ್ಲಗೆ ಹಿಂದಕ್ಕೆ ಮಡಚಿ ಕೆಳಗಿನಿಂದ ನೋಡಿ. ತುದಿಯ ಕಡೆ ಸಣ್ಣ ಕಾಲುವೆಯ ಹಾಗೆ ಟೊಳ್ಳು ಇರುತ್ತದೆ. ಟೊಳ್ಳು ಇರುವಷ್ಟೂ ಸತ್ತ ಉಗುರು. ಎಲ್ಲಿಂದ ಉಗುರು ಒಳಗೆ ತುಂಬಿಕೊಂಡು ದಪ್ಪ ಆಗುತ್ತದೋ ಅಲ್ಲಿಗೆ ಕ್ವಿಕ್ ಹತ್ತಿರ ಬಂತು.

ಎರಡನೆಯದು ಕತ್ತರಿಸಿದ ಮೈ. ತೆಳುವಾಗಿ, ಒಂದು ಮಿಲಿಮೀಟರಿನಷ್ಟು ತೆಗೆದು ಎದುರಿನಿಂದ ನೋಡಿ. ಮೊದಲು ಒಣಗಿದ ಹಾಗೆ, ಪುಡಿಪುಡಿಯಾಗಿ, ಬಿಳಿ ಅಥವಾ ಬೂದು ಬಣ್ಣಕ್ಕೆ ಕಾಣುತ್ತದೆ. ಇನ್ನೊಂದು ಚೂರು ತೆಗೆಯಿರಿ, ಮತ್ತೆ ನೋಡಿ. ನಡುವೆ ಹಸಿಯಾಗಿ ಹೊಳೆಯುವ ಚುಕ್ಕೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಆ ಚುಕ್ಕೆ ಕೆಲವು ನಾಯಿಗೆ ಕಪ್ಪಾಗಿ ಇರುತ್ತದೆ, ಕೆಲವಕ್ಕೆ ಬೂದು ಬೆರೆತ ಗುಲಾಬಿ. ಅದರಿಂದ ಇನ್ನೊಂದು ಚೂರು ಮುಂದೆ ಹೋದರೆ ರಕ್ತ.

ಒಂದೇ ಸಲಕ್ಕೆ ಚಿಕ್ಕದು ಮಾಡುವ ಆಸೆ ಬೇಡ. ಉಗುರು ಬಹಳ ದಿನ ಉದ್ದ ಇದ್ದರೆ ಕ್ವಿಕ್ ಕೂಡ ಅದರ ಜೊತೆ ಮುಂದಕ್ಕೆ ಬೆಳೆದಿರುತ್ತದೆ. ವಾರಕ್ಕೊಮ್ಮೆ ತುದಿ ಮಾತ್ರ ತೆಗೆಯುತ್ತಾ ಬಂದರೆ ಅದು ನಿಧಾನಕ್ಕೆ ಹಿಂದೆ ಸರಿಯುತ್ತದೆ. ಒಂದು ಹದಕ್ಕೆ ಬಂದ ಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು.

ಕಡೂರು ಹುಡುಗ

ಇದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬೇಕು.

ಬೇಲೂರು ಟೀಚರ್

ಕಾಲು ಹಿಡಿಯುವ ರೀತಿಯನ್ನೂ ಹೇಳಿ ಸರ್. ಎಷ್ಟೋ ನಾಯಿ ಗುರ್ ಅನ್ನುವುದು ಉಗುರಿಗಲ್ಲ, ಕಾಲನ್ನು ಪಕ್ಕಕ್ಕೆ ಎಳೆಯುವುದಕ್ಕೆ. ನಾಯಿಯ ಮುಂಗಾಲು ಹಿಂದಕ್ಕೆ ಮುಂದಕ್ಕೆ ಸಲೀಸಾಗಿ ಮಡಿಯುತ್ತದೆ, ಪಕ್ಕಕ್ಕೆ ಅಷ್ಟು ಬರುವುದಿಲ್ಲ. ನಾವು ನಮಗೆ ಅನುಕೂಲ ಅಂತ ನಮ್ಮ ಕಡೆ ಎಳೆದುಕೊಳ್ಳುತ್ತೇವೆ. ಭುಜ ನೋಯುತ್ತದೆ ಅದಕ್ಕೆ. ವಯಸ್ಸಾದ ನಾಯಿಯಾದರೆ ಕೇಳುವುದೇ ಬೇಡ.

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಸರಿಯಾಗಿ ಹೇಳಿದಿರಿ ಮೇಡಂ. ಪಾದವನ್ನು ಅದುಮಿ ಹಿಸುಕುವುದೂ ಬೇಡ. ಹೆಬ್ಬೆರಳು ಮೆತ್ತೆಯ ಕೆಳಗೆ, ತೋರುಬೆರಳು ಉಗುರಿನ ಮೇಲ್ಭಾಗದಲ್ಲಿ. ಮೆಲ್ಲಗೆ ಒತ್ತಿದರೆ ಉಗುರು ಮುಂದೆ ಬರುತ್ತದೆ. ಕಟರ್ ಸುಮಾರು 45 ಡಿಗ್ರಿ ಓರೆಯಾಗಿರಲಿ.

ಹೇಮಾವತಿ ದಂಡೆ, ಸಕಲೇಶಪುರ

ರಕ್ತ ಬಂದರೆ ಅಂತ ಕೇಳಿದ್ದರಲ್ಲ, ಅದನ್ನು ಎಲ್ಲರೂ ಬಿಟ್ಟೇಬಿಟ್ಟಿರಿ. ನಮ್ಮ ಕಡೆ ಏನೇ ಗಾಯ ಆದರೂ ಕಾಫಿ ಪುಡಿ ಮೆತ್ತುತ್ತಾರೆ. ಅರಿಶಿನವೂ ಹಾಕುತ್ತಾರೆ. ರಕ್ತ ನಿಲ್ಲುತ್ತದೆ.

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ದಯವಿಟ್ಟು ನಾಯಿಗೆ ಕಾಫಿ ಪುಡಿ ಬೇಡ. ಗಾಯ ನೆಕ್ಕುವುದು ಅದರ ಸ್ವಭಾವ. ಕೆಫೀನ್ ನಾಯಿಗೆ ವಿಷ, ಸಣ್ಣ ನಾಯಿಗೆ ಇನ್ನೂ ಅಪಾಯ. ಸುಣ್ಣ ಹಾಕುವವರೂ ಇದ್ದಾರೆ, ಅದು ಸುಡುತ್ತದೆ. ಅರಿಶಿನದಿಂದ ದೊಡ್ಡ ತೊಂದರೆ ಇಲ್ಲ, ಆದರೆ ಹರಿಯುವ ರಕ್ತ ನಿಲ್ಲಿಸಲು ಅದನ್ನು ನೆಚ್ಚಿಕೊಳ್ಳಬೇಡಿ.

ಮಾಡಬೇಕಾದ್ದು ಇಷ್ಟು. ಶುಭ್ರ ಬಟ್ಟೆ ಅಥವಾ ಹತ್ತಿಯಿಂದ ಉಗುರಿನ ತುದಿಯನ್ನು ಒತ್ತಿ ಹಿಡಿಯಿರಿ. ಐದು ನಿಮಿಷ ಬಿಡಬೇಡಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪೌಡರ್ ಇದ್ದರೆ ಒಂದು ಚಿಟಿಕೆ ತುದಿಗೆ ಒತ್ತಿ. ಇಲ್ಲದಿದ್ದರೆ ಕಾರ್ನ್ ಫ್ಲೋರ್ ಅಥವಾ ಮೈದಾ. ಆಮೇಲೆ ಸ್ವಲ್ಪ ಹೊತ್ತು ಓಡಲು ಬಿಡಬೇಡಿ.

ಅರಸೀಕೆರೆ ಮುಧೋಳ

ಪಟಿಕ ಮರೆತಿರಿ. ಕ್ಷೌರದ ಅಂಗಡಿಯಲ್ಲಿ ಶೇವಿಂಗ್ ಆದ ಮೇಲೆ ಉಜ್ಜುತ್ತಾರಲ್ಲ, ಅದೇ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಪುಡಿ ಮಾಡಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ತುಸು ಉರಿಯುತ್ತದೆ, ಆದರೆ ರಕ್ತ ನಿಲ್ಲುತ್ತದೆ.

ಪಗ್ ಪುಟ್ಟಿ, ಹಾಸನ

ಐದು ನಿಮಿಷ ಅಲ್ಲ, ಗಂಟೆಗಟ್ಟಲೆ ಒಸರುತ್ತಿದ್ದರೆ? ಪಕ್ಕದ ಮನೆಯ ಲ್ಯಾಬ್ರಡಾರ್ ನಾಯಿಗೆ ಹಾಗಾಗಿತ್ತು. ಕೊನೆಗೆ ನೋಡಿದರೆ ಉಣುಗಿನ ಜ್ವರ.

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಈ ವಿಷಯ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ನೆನಪಿಡಬೇಕು. ಉಣುಗಿನಿಂದ ಬರುವ ಎರ್ಲಿಕಿಯಾ ಸೋಂಕಿನಲ್ಲಿ ಪ್ಲೇಟ್‌ಲೆಟ್ ಕಡಿಮೆ ಆಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ನಾಯಿ ಮಂಕಾಗಿದ್ದರೆ, ಊಟ ಬಿಟ್ಟಿದ್ದರೆ, ಜ್ವರ ಇದ್ದರೆ, ಮೂಗಿನಿಂದ ರಕ್ತ ಬಂದಿದ್ದರೆ ಅಥವಾ ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಕಂಡರೆ ಉಗುರಿನ ಕೆಲಸ ಪಕ್ಕಕ್ಕಿಡಿ. ಮೊದಲು ರಕ್ತ ಪರೀಕ್ಷೆ. ಗಟ್ಟಿಯಾಗಿ ಒತ್ತಿ ಹಿಡಿದೂ ಅರ್ಧ ಗಂಟೆಯಲ್ಲಿ ರಕ್ತ ನಿಲ್ಲದಿದ್ದರೆ ನೇರವಾಗಿ ಪಶು ಆಸ್ಪತ್ರೆಗೆ.

ಕಡೂರು ಹುಡುಗ

ಈ ಉಣುಗಿನ ಜ್ವರ ಅಂದರೆ ಮಂಗನ ಕಾಯಿಲೆನಾ? ಕೊಪ್ಪ, ಎನ್.ಆರ್. ಪುರ ಕಡೆ ಬರುತ್ತದಲ್ಲ?

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಅಲ್ಲ, ಎರಡೂ ಬೇರೆ. ಮಂಗನ ಕಾಯಿಲೆ ವೈರಸ್‌ನಿಂದ ಬರುವುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಅದನ್ನು ಹರಡುವುದು ಕಾಡಿನ ಉಣುಗು. ಎರ್ಲಿಕಿಯಾ ಒಂದು ಬ್ಯಾಕ್ಟೀರಿಯಾ, ಅದನ್ನು ತರುವುದು ಮನೆಯ ಗೋಡೆ ಸಂದಿಯಲ್ಲೂ ಬದುಕುವ ಕಂದು ಬಣ್ಣದ ನಾಯಿ ಉಣುಗು. ಉಗುರು ನೋಡಲು ಪಾದ ಹಿಡಿದಾಗ ಬೆರಳಸಂದಿಯನ್ನೂ ನೋಡಿಬಿಡಿ. ಉಣುಗಿಗೆ ಅದು ಇಷ್ಟದ ಜಾಗ.

ಹೇಮಾವತಿ ದಂಡೆ, ಸಕಲೇಶಪುರ

ಬೆರಳಸಂದಿ ಅಂದಿದ್ದಕ್ಕೆ ನೆನಪಾಯಿತು. ಮಳೆಗಾಲದಲ್ಲಿ ನಮ್ಮ ಜಿಮ್ಮಿ ಜಗುಲಿ ತುಂಬ ರಕ್ತದ ಹೆಜ್ಜೆ ಮಾಡಿತ್ತು. ಉಗುರು ಮುರಿದಿದೆ ಅಂತ ಎಲ್ಲ ಉಗುರೂ ನೋಡಿದೆವು, ಒಂದೂ ಮುರಿದಿರಲಿಲ್ಲ. ಕೊನೆಗೆ ಬೆರಳ ನಡುವೆ ಇಂಬಳ ಕಚ್ಚಿ ಬಿಟ್ಟ ಗುರುತು ಸಿಕ್ಕಿತು. ಇಂಬಳ ಕಚ್ಚಿದ ಕಡೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅದರ ಎಂಜಲಿನ ಗುಣವೇ ಹಾಗೆ. ಮಲೆನಾಡಿನವರು ಮಳೆಗಾಲದಲ್ಲಿ ಪಾದದಲ್ಲಿ ರಕ್ತ ಕಂಡರೆ ಇದನ್ನೂ ನೋಡಿ.

ಮತ್ತೆ ಕಾಫಿ ಪುಡಿ ಬಗ್ಗೆ ಹೇಳಿದ್ದಕ್ಕೆ ಧನ್ಯವಾದ. ಮನೆಯಲ್ಲಿ ಎಲ್ಲರಿಗೂ ಹೇಳಿದೆ.

ಹೋಂಸ್ಟೇ, ಕಳಸ

ಇಷ್ಟೆಲ್ಲ ಸರಿ. ಗುರ್ ಅನ್ನುವ ನಾಯಿಯನ್ನು ಹಿಡಿಯುವುದು ಹೇಗೆ? ನಮ್ಮಲ್ಲಿ ಎತ್ತಿಗೆ ಲಾಳ ಹೊಡೆಸುವಾಗ ಕಾಲು ಕಟ್ಟಿ ಕೆಡವುತ್ತಾರೆ. ಕೆಲಸ ಮುಗಿಯುತ್ತದೆ, ಎತ್ತು ಎದ್ದು ಹೋಗುತ್ತದೆ. ನಾಯಿಯನ್ನೂ ಇಬ್ಬರು ಗಟ್ಟಿಯಾಗಿ ಹಿಡಿದು ಐದು ನಿಮಿಷದಲ್ಲಿ ಮುಗಿಸಿದರೆ ಆಯಿತಲ್ಲ? ತಿಂಗಳುಗಟ್ಟಲೆ ಮುದ್ದು ಮಾಡುತ್ತಾ ಕೂರಲು ಯಾರಿಗೆ ಸಮಯ ಇದೆ?

ಬೇಲೂರು ಟೀಚರ್

ಇಲ್ಲ ಅಣ್ಣ, ಇದನ್ನು ನಾನು ಒಪ್ಪುವುದಿಲ್ಲ. ಮೊದಲ ಪೋಸ್ಟ್ ಮತ್ತೊಮ್ಮೆ ಓದಿ. ಒಂದು ಸಲ ಅದುಮಿ ಹಿಡಿದದ್ದರ ಫಲ ಏನಾಯಿತು? ನಾಯಿ ಆ ರಸ್ತೆಗೇ ಬರುತ್ತಿಲ್ಲ. ಉಗುರು ಒಂದು ಸಲ ಕತ್ತರಿಸಿದರೆ ಮುಗಿಯುವ ಕೆಲಸ ಅಲ್ಲ, ಅದರ ಜೀವಮಾನ ಪೂರ್ತಿ ಮಾಡಬೇಕು. ಪ್ರತಿ ಸಲ ಹೊಡೆದಾಟವೇ ಆದರೆ ಒಂದು ದಿನ ಗುರ್ ಅನ್ನುವುದು ಬಿಟ್ಟು ನೇರ ಕಚ್ಚುತ್ತದೆ. ಗುರ್ ಅನ್ನುವುದು ಅದು ನಮಗೆ ಕೊಡುವ ಎಚ್ಚರಿಕೆ. ಅದಕ್ಕೆ ಗದರಬೇಡಿ, ಕೈ ಹಿಂದೆ ತೆಗೆದುಕೊಳ್ಳಿ.

ನಾನು ಮಾಡುವ ಕ್ರಮ ಹೇಳುತ್ತೇನೆ. ಕಟರ್ ಮರೆತುಬಿಡಿ. ನಾಯಿ ಓಡಾಡಿ ದಣಿದು ಮಲಗಿದಾಗ ಭುಜ ಸವರಿ, ಅಲ್ಲಿಂದ ಮೊಣಕಾಲು, ಅಲ್ಲಿಂದ ಪಾದ. ಎಳೆದುಕೊಳ್ಳುವ ಮುಂಚೆಯೇ ಕೈ ತೆಗೆದು ಒಂದು ತುಂಡು ಬೇಯಿಸಿದ ಕೋಳಿ ಕೊಡಿ. ಉಪ್ಪು ಖಾರ ಈರುಳ್ಳಿ ಯಾವುದೂ ಹಾಕಿರಬಾರದು. ಪಾದ ಹಿಡಿದರೂ ಸುಮ್ಮನಿದೆ ಅಂದ ಮೇಲೆ ಒಂದೊಂದೇ ಬೆರಳು ಒತ್ತಿ, ಕೊಡಿ. ಆಮೇಲೆ ಕಟರ್ ತೋರಿಸಿ, ಮೂಸಲಿ, ಕೊಡಿ. ಕಟರ್ ಉಗುರಿಗೆ ತಾಗಿಸಿ, ಕತ್ತರಿಸಬೇಡಿ, ಕೊಡಿ. ಒಣ ಕಡ್ಡಿಯೊಂದನ್ನು ಪಕ್ಕದಲ್ಲಿ ಕತ್ತರಿಸಿ ಚಟ್ ಶಬ್ದ ಕೇಳಿಸಿ, ಕೊಡಿ. ಇದೆಲ್ಲ ಆದ ಮೇಲೆ ಒಂದೇ ಒಂದು ಉಗುರಿನ ತುದಿ. ಅವತ್ತಿಗೆ ಅಷ್ಟೇ. ದಿನಕ್ಕೆ ಒಂದು ಉಗುರು ಅಂದರೂ ಮೂರು ವಾರದೊಳಗೆ ಒಂದು ಸುತ್ತು ಬಂತು.

ಬಿ.ಎಂ. ರಸ್ತೆ, ಹಾಸನ

ಮನೆಯಲ್ಲಿ ಇಬ್ಬರಿದ್ದರೆ ಇನ್ನೂ ಸುಲಭ. ಒಬ್ಬರು ತಟ್ಟೆಗೆ ಗಟ್ಟಿ ಮೊಸರು ಸವರಿ ಎದುರಿಗೆ ಹಿಡಿಯಿರಿ, ಅದು ನೆಕ್ಕುತ್ತಾ ನಿಲ್ಲುತ್ತದೆ. ಪೀನಟ್ ಬಟರ್ ಹಾಕುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಅಂತ ಇದೆಯಾ ನೋಡಿ. ಇದ್ದರೆ ಬೇಡ, ನಾಯಿಗೆ ಅದು ವಿಷ.

ಹೋಂಸ್ಟೇ, ಕಳಸ

ಮಾತ್ರೆ ಕೊಟ್ಟು ಮಲಗಿಸಿದರೆ? ಅಪ್ಪನಿಗೆ ಬರೆದುಕೊಟ್ಟ ನಿದ್ದೆ ಮಾತ್ರೆ ಮನೆಯಲ್ಲಿದೆ.

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಖಂಡಿತ ಬೇಡ ಸರ್. ಮನುಷ್ಯರ ನಿದ್ದೆ ಮಾತ್ರೆಯೂ ಬೇಡ, ನೋವಿನ ಮಾತ್ರೆಯೂ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾವು ಸುಲಭವಾಗಿ ನುಂಗುತ್ತೇವೆ. ಐಬುಪ್ರೊಫೆನ್ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ತೀರಾ ಹೆದರುವ ನಾಯಿಗೆ ಮಂಪರಿನ ಔಷಧ ಇದೆ. ಅದನ್ನು ಡಾಕ್ಟರು ತೂಕ ನೋಡಿ, ಹೃದಯ ಪರೀಕ್ಷೆ ಮಾಡಿ ಬರೆಯಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ತಾಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಒಮ್ಮೆ ಕೇಳಿದರೆ ಏನೂ ನಷ್ಟ ಇಲ್ಲ.

ಕಚ್ಚುವ ಅನುಮಾನ ಇದ್ದರೆ ಬಾಯಿಕುಕ್ಕೆ ಹಾಕಿ. ಜಾಲರಿ ಥರದ್ದು ಇರಲಿ. ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ತಿನಿಸನ್ನೂ ತಿನ್ನಬಹುದು. ಬಟ್ಟೆಯಿಂದ ಮೂತಿ ಬಿಗಿದರೆ ಮೈ ಕಾವು ಹೊರಗೆ ಹೋಗುವುದಿಲ್ಲ. ಪಗ್ ಥರದ ಚಪ್ಪಟೆ ಮೂತಿಗಂತೂ ಅಪಾಯ. ಕುಕ್ಕೆಯನ್ನೂ ಟೀಚರ್ ಹೇಳಿದ ಕ್ರಮದಲ್ಲೇ ಮೊದಲು ಅಭ್ಯಾಸ ಮಾಡಿಸಿ.

ಪಗ್ ಪುಟ್ಟಿ, ಹಾಸನ

ಕಚ್ಚಿದರೆ, ಪರಚಿದರೆ ಏನು ಮಾಡಬೇಕು ಅಂತಲೂ ಹೇಳಿ. ನಮ್ಮದು ಸಾಕಿದ ನಾಯಿ, ಏನಾಗಲ್ಲ ಅನ್ನುವವರೇ ಜಾಸ್ತಿ.

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಪದರಕ್ಕೆ ಕೊಡುವ ರೇಬಿಸ್ ಚುಚ್ಚುಮದ್ದಾದರೆ 0, 3, 7, 28ನೇ ದಿನ. ರಕ್ತ ಬರುವ ಗಾಯವಾದರೆ ರೇಬಿಸ್ ತಡೆಯುವ ಸೀರಮ್ ಕೂಡ ಬೇಕಾಗುತ್ತದೆ. ನಾಯಿಗೆ ಲಸಿಕೆ ಆಗಿದ್ದರೂ ಡಾಕ್ಟರನ್ನು ಕೇಳದೆ ನೀವೇ ತೀರ್ಮಾನ ಮಾಡಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಇಲ್ಲ.

ಹೋಂಸ್ಟೇ, ಕಳಸ

ಆಯಿತು. ಮಾತ್ರೆ ಯೋಚನೆ ಬಿಟ್ಟೆ. ಟೀಚರ್ ಹೇಳಿದ ಹಾಗೆ ಮಾಡಿ ನೋಡುತ್ತೇನೆ. ಆದರೆ ಕೊಯ್ಲು ಮುಗಿಯಲಿ, ಈಗ ಕೂತುಕೊಳ್ಳಲೂ ಹೊತ್ತಿಲ್ಲ.

ಅರಸೀಕೆರೆ ಮುಧೋಳ

ನನ್ನದೊಂದು ಸಂಶಯ. ನಾಯಿ ತಂದುಕೊಟ್ಟವರು ಮೇಲುಗುರನ್ನು ಬುಡಸಮೇತ ತೆಗೆಸಿಬಿಡಿ, ಬೇಟೆ ನಾಯಿಗೆ ಅದು ಸಿಕ್ಕಿಕೊಂಡು ಹರಿಯುತ್ತದೆ ಅಂದಿದ್ದರು. ನಾನು ತೆಗೆಸಿಲ್ಲ. 2005ರಲ್ಲಿ ಅಂಚೆ ಇಲಾಖೆ ಮುಧೋಳದ ಚಿತ್ರ ಇರುವ ಸ್ಟಾಂಪ್ ತಂದಿತ್ತಲ್ಲ, ಅಂಥ ತಳಿ ಇದು. ಹುಟ್ಟಿನಿಂದ ಬಂದದ್ದನ್ನು ಸುಮ್ನೆ ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ. ಸರಿ ಮಾಡಿದೆನಾ?

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಸರಿಯಾಗೇ ಮಾಡಿದ್ದೀರಿ. ಮುಂಗಾಲಿನ ಮೇಲುಗುರು ಮೂಳೆಗೆ ಕೂಡಿಕೊಂಡಿರುತ್ತದೆ. ಜೋರಾಗಿ ಓಡುತ್ತಾ ತಿರುಗುವಾಗ ಅದು ನೆಲಕ್ಕೆ ಊರಿ ಕಾಲಿಗೆ ಆಸರೆ ಕೊಡುತ್ತದೆ. ಮೂಳೆ ಕಡಿಯುವಾಗ ಹಿಡಿದುಕೊಳ್ಳಲೂ ಅದೇ ಬೇಕು. ಚಿಕ್ಕದಾಗಿ ಇಟ್ಟುಕೊಂಡರೆ ಸಿಕ್ಕಿಕೊಳ್ಳುವ ಭಯ ತುಂಬ ಕಡಿಮೆ. ಹಿಂಗಾಲಿನಲ್ಲಿ ಕೆಲವು ನಾಯಿಗೆ ಬರುವ ಹೆಚ್ಚುವರಿ ಉಗುರು ಬೇರೆ ವಿಷಯ, ಅದು ಹೆಚ್ಚಾಗಿ ಬರೀ ಚರ್ಮಕ್ಕೆ ಜೋತಿರುತ್ತದೆ. ಪದೇ ಪದೇ ಹರಿಯುತ್ತಿದ್ದರೆ ಡಾಕ್ಟರನ್ನು ಕೇಳಬಹುದು.

ತೋಟದ ಮನೆ, ಮೂಡಿಗೆರೆ

ಕಟರ್ ಇಲ್ಲದೆ ಒಂದು ಉಪಾಯ ಗೊತ್ತಾಯಿತು, ಹೇಳುತ್ತೇನೆ. ಬಡಗಿಗಳು ಬಳಸುವ 80 ನಂಬರಿನ ಸ್ಯಾಂಡ್ ಪೇಪರನ್ನು ಹಲಗೆಗೆ ಅಂಟಿಸಿ ಓರೆಯಾಗಿ ಇಟ್ಟರೆ ನಾಯಿ ತಾನೇ ಕೆರೆಯುವಂತೆ ಕಲಿಸಬಹುದಂತೆ. ಹಲಗೆ ಕೆಳಗೆ ತಿಂಡಿ ಇಟ್ಟರೆ ನಮ್ಮ ರಾಣಿ ಬಾಗಿಲೇ ಕೆರೆದು ಹಾಕುತ್ತದೆ, ಇದೇನು ಮಹಾ!

ಬಿ.ಎಂ. ರಸ್ತೆ, ಹಾಸನ

ಆಗುತ್ತದೆ ಅಣ್ಣ, ಮಾಡುವವರಿದ್ದಾರೆ. ಮುಂಗಾಲಿನ ನಾಲ್ಕು ಉಗುರಿಗೆ ಒಳ್ಳೆಯದು. ಮೇಲುಗುರಿಗೆ ತಾಗುವುದಿಲ್ಲ, ಹಿಂಗಾಲಿಗೂ ಕಷ್ಟ. ಮೆತ್ತೆ ಉಜ್ಜಿ ಕೆಂಪಾಗುತ್ತಿದೆಯಾ ಅಂತ ನೋಡುತ್ತಿರಿ.

ಕರಿಯನ ಮನೆಯವರು, ಚಿಕ್ಕಮಗಳೂರು

ಎಲ್ಲರಿಗೂ ತುಂಬ ಧನ್ಯವಾದ. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಟೀಚರ್ ಹೇಳಿದ ಕ್ರಮ ಶುರು ಮಾಡಿದ್ದೇನೆ. ಹಿಂಗಾಲು ಹಿಡಿದರೆ ಈಗ ಸುಮ್ಮನಿರುತ್ತಾನೆ. ಮುಂಗಾಲಿನಲ್ಲಿ ಬಲಗಡೆಯದಕ್ಕೆ ಮಾತ್ರ ಕೋಪ. ನೋಡಿದರೆ ಆ ಪಾದದ ಮೇಲುಗುರೇ ಎಲ್ಲಕ್ಕಿಂತ ಉದ್ದ, ಬುಡದಲ್ಲಿ ಸ್ವಲ್ಪ ಕೆಂಪಗಿದೆ. ಅದಕ್ಕೇ ಮುಟ್ಟಿಸಿಕೊಳ್ಳುತ್ತಿಲ್ಲವೇನೋ. ಅದನ್ನು ನಾನೇ ತೆಗೆಯಲಾ?

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಬುಡ ಕೆಂಪಗಿದ್ದರೆ, ಊದಿದ್ದರೆ ನೀವು ಮುಟ್ಟಬೇಡಿ. ಅದೊಂದನ್ನು ಡಾಕ್ಟರಿಗೆ ತೋರಿಸಿ. ಹಳೆಯ ಕ್ಲಿನಿಕ್‌ಗೆ ಬರದಿದ್ದರೆ ಬೇರೆ ಕಡೆ ಹೋಗಿ, ಇಲ್ಲವೇ ಮನೆಗೆ ಬರುವವರು ಸಿಗುತ್ತಾರಾ ವಿಚಾರಿಸಿ. ನೋವಿರುವ ಉಗುರು ವಾಸಿಯಾಗುವವರೆಗೆ ಆ ಕಾಲಿನ ಅಭ್ಯಾಸ ನಿಲ್ಲಿಸಿ, ಉಳಿದ ಮೂರು ಕಾಲಿನದು ಮುಂದುವರಿಸಿ.

ಬೇಲೂರು ಟೀಚರ್

ನೋವಿದ್ದ ಕಾಲನ್ನೇ ಇಬ್ಬರು ಅದುಮಿ ಹಿಡಿದಿದ್ದಾರೆ ಅಂತ ಆಯಿತಲ್ಲ. ಪಾಪ, ಅವನು ಗುರ್ ಅನ್ನದೆ ಇನ್ನೇನು ಮಾಡುತ್ತಾನೆ.

ಕಡೂರು ಹುಡುಗ

ನಮ್ಮ ಮನೆಗೆ ಎರಡು ತಿಂಗಳ ಮರಿ ಬಂದಿದೆ. ಅದಕ್ಕೆ ಯಾವಾಗ ಶುರು ಮಾಡಲಿ?

ಪಗ್ ಪುಟ್ಟಿ, ಹಾಸನ

ಇವತ್ತೇ. ಕತ್ತರಿಸಲು ಅಲ್ಲ, ಪಾದ ಮುಟ್ಟಿಸಿಕೊಳ್ಳುವ ಅಭ್ಯಾಸಕ್ಕೆ. ಮರಿಯ ಉಗುರು ಸೂಜಿಯ ಹಾಗೆ ಚೂಪು, ಆ ಕೊಕ್ಕೆಯಷ್ಟು ತುದಿ ಮಾತ್ರ ತೆಗೆದರೆ ಸಾಕು. ಸ್ನಾನ ಮಾಡಿಸಿದ ಮೇಲೆ ಉಗುರು ಮೆತ್ತಗಿರುತ್ತದೆ, ಆಗ ಮಾಡಿ. ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ.

ಕಡೂರು ಹುಡುಗ

ಬಿಳಿ ಉಗುರೇ ಇದೆ ಅದಕ್ಕೆ, ಒಂದು ಕಾಲಿನಲ್ಲಿ ಮಾತ್ರ ಎರಡು ಕಪ್ಪು.

ಪಶುವೈದ್ಯಕೀಯ ವಿದ್ಯಾರ್ಥಿ, ಹಾಸನ

ಹಾಗಾದರೆ ಸುಲಭ. ಮೊದಲು ಬಿಳಿ ಉಗುರಿನಲ್ಲಿ ಕ್ವಿಕ್ ಎಲ್ಲಿಗೆ ಮುಗಿಯುತ್ತದೆ ನೋಡಿಕೊಳ್ಳಿ. ಅದೇ ಪಾದದ ಕಪ್ಪು ಉಗುರಲ್ಲೂ ಹೆಚ್ಚುಕಡಿಮೆ ಅಷ್ಟೇ ಉದ್ದಕ್ಕೆ ಇರುತ್ತದೆ. ಆದರೂ ಅಲ್ಲಿ ಇನ್ನೊಂದು ಚೂರು ಕಡಿಮೆಯೇ ಕತ್ತರಿಸಿ.